ರೊನ್ಸಾರ್‌ನ ಗುಲಾಬಿಗೆ ಪ್ರಸ್ತಾರ ಹಾಕಿದ್ದು

ಫ್ರೆಂಚ್ ಕವಿ ಪಿಯೇರ್ ದ ರೊನ್ಸಾರ್ 1553ರಲ್ಲಿ ಪ್ರಕಟಿಸಿದ, ಓಡ್ ಎಂಬ ಬಗೆಯ ಒಂದು ಪುಟ್ಟ ಭಾವಗೀತೆ ಇದೆ. ಬಾ ಮುದ್ದು, ಬೆಳಿಗ್ಗೆ ಅರಳಿದ ಗುಲಾಬಿ ಸಂಜೆಗೆ ಬಾಡಿದೆಯೋ ನೋಡೋಣ ಎಂದು ಕಸಾಂದ್ರ್ ಎಂಬ ಹುಡುಗಿಯನ್ನು ಕರೆಯುವ ಪದ್ಯ. ಮೊದಲ ಪದವೇ 'ಮಿನ್ಯೊನ್', ಅಂದರೆ ಮುದ್ದು. ಫ್ರೆಂಚ್ ಕಲಿಯುತ್ತಿದ್ದಾಗ ಇದನ್ನು ಬಿಡಿಸಿ ನೋಡಲು ಕೂತೆ.

ಶಾಲೆಯ ಅಭ್ಯಾಸ, ಮೊದಲು ಲಘು ಗುರು ಗುರುತು ಹಾಕಿದೆ. ಏನೂ ಕೂಡಿಬರಲಿಲ್ಲ. ಅಲ್ಲಿ ಮಾತ್ರೆಯ ಲೆಕ್ಕವೇ ಇಲ್ಲ, ಅಕ್ಷರ ಎಣಿಸಬೇಕು. ಎಣಿಸಿದರೆ ಒಂದು ಸಾಲಿಗೆ ಏಳು, ಇನ್ನೊಂದಕ್ಕೆ ಒಂಬತ್ತು!

ತೊಡಕು ಇದ್ದದ್ದು ಪದದ ಕೊನೆಯ ಮೂಕ 'ಇ'ಯಲ್ಲಿ, ಅಂದರೆ e ಎಂಬ ಅಕ್ಷರದಲ್ಲಿ. ಈಗಿನ ಮಾತಿನಲ್ಲಿ ಅದನ್ನು ನುಂಗಿಬಿಡುತ್ತಾರೆ. ಪದ್ಯದಲ್ಲಿ ಹಾಗಲ್ಲ. ಮುಂದೆ ವ್ಯಂಜನ ಬಂದರೆ ಅದು ಲೆಕ್ಕಕ್ಕೆ ಸೇರುತ್ತದೆ. ಸ್ವರ ಬಂದರೆ ನಮ್ಮ ಲೋಪಸಂಧಿಯ ಹಾಗೆ ಬಿದ್ದುಹೋಗುತ್ತದೆ. ಸಾಲಿನ ಕೊನೆಯಲ್ಲಿದ್ದರೆ ಎಣಿಸುವುದಿಲ್ಲ. ಮೂರನೇ ಸಾಲನ್ನು ಜೋರಾಗಿ ಓದಿದೆ: ಸಾ–ರೊ–ಬ–ದ–ಪೂರ್–ಪ್ರೋ–ಸೊ–ಲೇಯ್. 'ರೋಬ್'ನ ಬಾಲ ಉಳಿಯಿತು, 'ಪೂರ್ಪ್ರ್'ನ ಬಾಲ ಮುಂದಿನ 'ಓ'ದಲ್ಲಿ ಕರಗಿತು. ಎಂಟು! ಆಮೇಲೆ ಹದಿನೆಂಟು ಸಾಲೂ ಎಂಟಕ್ಕೇ ಬಂದು ನಿಂತವು.

ಪ್ರಾಸ ಸುಲಭ, ಅದು ಸಾಲಿನ ಕೊನೆಯಲ್ಲಿದೆ. ಆರಾರು ಸಾಲಿನ ಮೂರು ಪದ್ಯ, ಪ್ರತಿಯೊಂದರಲ್ಲೂ ಅ ಅ ಬ, ಕ ಕ ಬ. ಇದನ್ನು ಬರೆದುಕೊಂಡಾಗ ಮೈ ಜುಮ್ಮೆಂದಿತು. ಷಟ್ಪದಿಯಲ್ಲೂ ಮೂರು ಮತ್ತು ಆರನೇ ಸಾಲೇ ಜೋಡಿ ಅಲ್ವಾ? ನಮ್ಮಲ್ಲಿ ಅವು ಉದ್ದವಾಗಿ ನಿಲ್ಲುತ್ತವೆ. ಇಲ್ಲಿ ಉದ್ದ ಒಂದೇ, ನಿಲ್ಲಿಸುವುದು ಪ್ರಾಸ. ಉಳಿದ ನಾಲ್ಕು ಸಾಲು ಮೂಕ 'ಇ'ಯಲ್ಲಿ ಮುಗಿಯುವ ಹೆಣ್ಣು ಪ್ರಾಸ, ಇವೆರಡು ಮಾತ್ರ ಗಂಡು ಪ್ರಾಸ. ಮೊದಲ ಪದ್ಯದಲ್ಲಿ ಅರ್ಥವೂ ಅಲ್ಲೇ ಮುರಿಯುತ್ತದೆ: ಮೂರು ಸಾಲು ಬೆಳಿಗ್ಗೆ, ಮೂರು ಸಾಲು ಸಂಜೆ.

ಕೊನೆಗೆ ಸುಮ್ನೆ 'ಮಿನ್ಯೊನ್' ಎಲ್ಲೆಲ್ಲಿ ಬರುತ್ತದೆಂದು ಗೆರೆ ಎಳೆದೆ. ಮೊದಲ ಪದ್ಯದ ಮೊದಲ ಸಾಲು ಆ ಕರೆಯಿಂದ ಶುರುವಾಗಿ 'ರೋಜ್' ಎಂದು, ಅಂದರೆ ಗುಲಾಬಿಯಲ್ಲಿ ಮುಗಿಯುತ್ತದೆ. ಎರಡನೆಯದರಲ್ಲಿ ಕರೆ ಎರಡನೇ ಸಾಲಿನ ಆರಂಭಕ್ಕೆ ಜಾರುತ್ತದೆ. ಮೂರನೆಯದರಲ್ಲಿ ಮೊದಲ ಸಾಲಿನ ಕೊನೆಗೆ ಬಂದು, 'ಹೂಬಿಡುತ್ತದೆ' ಎಂಬ ಅರ್ಥದ 'ಫ್ಲರೊನ್' ಜೊತೆ ಪ್ರಾಸವಾಗುತ್ತದೆ. ಗುಲಾಬಿ ಕೂತಿದ್ದ ಜಾಗದಲ್ಲಿ ಈಗ ಹುಡುಗಿ.