ಕುಂಡದ ಕ್ರಿಸ್‌ಮಸ್ ಗಿಡ: ಮುಂಬೈಯಲ್ಲಿ ಉಳಿಸಿಕೊಂಡ ಬಗೆ

ಮುಂಬೈಯಲ್ಲಿ ಕುಂಡದ ಕ್ರಿಸ್‌ಮಸ್ ಗಿಡ ಹಾಳಾಗುವುದು ಹೆಚ್ಚಾಗಿ ಎರಡು ಸಮಯದಲ್ಲಿ. ಒಂದು, ಹಬ್ಬ ಮುಗಿದ ಮೇಲೂ ಹಾಲ್‌ನ ಮೂಲೆಯಲ್ಲೇ ಬಿಟ್ಟಾಗ. ಇನ್ನೊಂದು, ಜುಲೈ ಮಳೆಯಲ್ಲಿ. ಬಿಸಿಲಿಗೆ ಸತ್ತದ್ದನ್ನು ನಾನು ಕಂಡದ್ದು ಕಡಿಮೆ. ಬೋರಿವಲಿಯ ನಮ್ಮ ಫ್ಲ್ಯಾಟ್‌ನ ಬಾಲ್ಕನಿಯಲ್ಲಿರುವ ಗಿಡ ಈಗ ನನ್ನ ಎದೆಮಟ್ಟಕ್ಕೆ ಬಂದಿದೆ. ತಂದಾಗ ಮೊಣಕಾಲಿನಷ್ಟೂ ಇರಲಿಲ್ಲ.

ಮೊದಲು, ಯಾವ ಗಿಡ ಅನ್ನುವುದು. ನಿಜವಾದ ಫರ್, ಸ್ಪ್ರೂಸ್ ಎಲ್ಲ ಚಳಿನಾಡಿನವು, ಇಲ್ಲಿ ಬದುಕುವುದಿಲ್ಲ. ನಿಂಬೆ ವಾಸನೆಯ ಗೋಲ್ಡನ್ ಸೈಪ್ರೆಸ್ ನೋಡಲು ಚೆಂದ, ಆದರೆ ನಮ್ಮ ಸೆಖೆ ತಡೆಯುವುದಿಲ್ಲ. ಅರಾಕೇರಿಯಾ ತಗೊಳ್ಳಿ. ನಾರ್ಫೋಕ್ ಪೈನ್, ಕುಕ್ ಪೈನ್ ಎರಡೂ ಅದರ ಜಾತಿಗಳೇ. ಎಳೆಯ ಗಿಡದಲ್ಲಿ ಇದು ಯಾವುದು ಅಂತ ಹೇಳುವುದು ಕಷ್ಟ, ಆರೈಕೆಯೂ ಒಂದೇ. ಎರಡೂ ಪೆಸಿಫಿಕ್ ಸಾಗರದ ದ್ವೀಪಗಳವು. ಸಮುದ್ರದ ಉಪ್ಪುಗಾಳಿ, ತೇವ ಅವಕ್ಕೆ ಹೊಸದಲ್ಲ. ಹಾಗಾಗಿ ಮುಂಬೈ ಅವಕ್ಕೆ ಅಷ್ಟೇನೂ ಪರದೇಶ ಅಲ್ಲ.

ಮಂಗಳೂರಿನಲ್ಲಿ ನಾವು ಚಿಕ್ಕವರಿದ್ದಾಗ ಗಾಳಿಮರದ ಕೊಂಬೆ ಕಡಿದು ತಂದು ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಪಕ್ಕ ನಿಲ್ಲಿಸುತ್ತಿದ್ದೆವು. ಒಣಗಿ ಉದುರಿದರೆ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ದುಡ್ಡು ಕೊಟ್ಟು ತಂದ ಗಿಡದ ಮೇಲೆ ಮಾತ್ರ ಇಷ್ಟೊಂದು ಕಾಳಜಿ!

ನರ್ಸರಿಯಲ್ಲಿ ಬುಡ ನೋಡಿ. ತುಂಬ ಒತ್ತಾಗಿ ಕಾಣುವ ಗಿಡ ಒಂದೇ ಆಗಿರುವುದಿಲ್ಲ, ಮೂರು ನಾಲ್ಕು ಸಸಿ ಒಟ್ಟಿಗೆ ನೆಟ್ಟಿರುತ್ತಾರೆ. ಅವನ್ನು ಕಿತ್ತು ಬೇರೆ ಮಾಡಲು ಹೋಗಬೇಡಿ. ಅರಾಕೇರಿಯಾಕ್ಕೆ ಬೇರು ಕೆದಕಿದರೆ ಆಗುವುದಿಲ್ಲ. ಬಲವಾದ ಒಂದನ್ನು ಉಳಿಸಿ, ಉಳಿದವನ್ನು ಮಣ್ಣಿನ ಮಟ್ಟದಲ್ಲಿ ಕತ್ತರಿಸಿ. ಬಣ್ಣ, ಮಿಂಚಿನ ಪುಡಿ ಸಿಂಪಡಿಸಿದ್ದನ್ನು ತರಲೇಬೇಡಿ.

ತಂದ ಮೇಲೆ ಕುಂಡಕ್ಕೆ ಸುತ್ತಿದ ಬಣ್ಣದ ಹಾಳೆ ಬಿಚ್ಚಿ. ಅದರೊಳಗೆ ನೀರು ನಿಂತು ಬೇರು ಕೊಳೆಯುತ್ತದೆ. ಡಿಸೆಂಬರ್‌ನಲ್ಲಿ ಗಿಡ ನಮ್ಮ ಹಾಲ್‌ಗೆ ಬರುವುದು ಹಬ್ಬದ ವಾರ ಬಂದ ಮೇಲೆ ಮಾತ್ರ. ಅದೂ ಕಿಟಕಿ ಪಕ್ಕ, ಏಸಿ ಗಾಳಿ ತಾಗದ ಕಡೆ. ಅಲಂಕಾರಕ್ಕೆ ಕಾಗದದ ನಕ್ಷತ್ರ, ಹಗುರ ಗೊಂಬೆ, ಬಿಸಿಯಾಗದ ಎಲ್‌ಇಡಿ ಸರ. ಭಾರದ ಗುಂಡು ಕಟ್ಟಿದರೆ ಕೊಂಬೆ ಜೋತು ಬೀಳುತ್ತದೆ. ಜನವರಿ 6ರ ಮೂವರು ಅರಸರ ಹಬ್ಬದವರೆಗೆ ಇಟ್ಟುಕೊಳ್ಳಿ, ಆಮೇಲೆ ಹೊರಗೆ. ಸೀದಾ ಬಿಸಿಲಿಗಲ್ಲ. ಕೆಲವು ದಿನ ನೆರಳು, ಆಮೇಲೆ ಬೆಳಗಿನ ಎಳೆಬಿಸಿಲು.

ಈಗ ಮಳೆಗಾಲದ ವಿಷಯ, ಇದೇ ದೊಡ್ಡದು. ಜೂನ್ ಬರುವ ಮುಂಚೆ ಕುಂಡದ ತೂತಿಗೆ ಕಡ್ಡಿ ಹಾಕಿ ನೋಡುತ್ತೇನೆ. ಬೇರು, ಮಣ್ಣು ಸೇರಿ ಅದು ಮುಚ್ಚಿಹೋಗಿರುತ್ತದೆ. ಕೆಳಗಿನ ತಟ್ಟೆ ತೆಗೆದು, ಕುಂಡವನ್ನು ಎರಡು ಇಟ್ಟಿಗೆ ಮೇಲೆ ಕೂರಿಸುತ್ತೇನೆ. ನಮ್ಮ ಬಾಲ್ಕನಿಗೆ ಮಳೆ ಓರೆಯಾಗಿ ಹೊಡೆಯುತ್ತದೆ, ಅದಕ್ಕೆ ಗಿಡ ಗೋಡೆಯ ಬದಿಗೆ ಸರಿಯುತ್ತದೆ. ಬೆಳಕು ಬೇಕು, ಸುರಿಯುವ ನೀರು ಬೇಡ. ಜೋರು ಮಳೆಯ ತಿಂಗಳುಗಳಲ್ಲಿ ಗೊಬ್ಬರ ಹಾಕುವುದಿಲ್ಲ, ನೀರೂ ಬೆರಳು ಚುಚ್ಚಿ ನೋಡದೆ ಹಾಕುವುದಿಲ್ಲ. ಬೇರು ಕೊಳೆತ ಗಿಡವೂ ನೀರಿಲ್ಲದ ಗಿಡದ ಹಾಗೇ ಬಾಡುತ್ತದೆ. ಅದನ್ನು ನೋಡಿ ಜನ ಇನ್ನೊಂದು ಚೆಂಬು ನೀರು ಸುರಿಯುತ್ತಾರೆ. ಮಣ್ಣು ಒದ್ದೆ ಇದ್ದೂ ಕೆಳಗಿನ ಕೊಂಬೆ ಹಳದಿ ಆದರೆ ನೀರು ನಿಲ್ಲಿಸಿ. ಉದುರಿದ ಕೆಳಗಿನ ಕೊಂಬೆ ಮತ್ತೆ ಚಿಗುರುವುದಿಲ್ಲ, ಹಾಗಾಗಿ ತಡಮಾಡಬಾರದು.

ಮಳೆ ನಿಂತ ಮೇಲೆ ಅಕ್ಟೋಬರ್ ಹೀಟ್. ಮೋಡದಲ್ಲಿ ಬೆಳೆದ ಚಿಗುರು ಮಧ್ಯಾಹ್ನದ ಬಿಸಿಲಿಗೆ ಸುಡುತ್ತದೆ, ಆ ತಿಂಗಳು ಹಸಿರು ನೆರಳು ಬಲೆ ಕಟ್ಟುತ್ತೇನೆ. ಹಿಟ್ಟು ತಿಗಣೆ ಕಂಡರೆ ಸಾಬೂನು ನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸುತ್ತೇನೆ. ಜಾಸ್ತಿ ಇದ್ದರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎರಡು ಹನಿ ಸಾಬೂನು ಬೆರೆಸಿ ಸಂಜೆ ಸಿಂಪಡಿಸುತ್ತೇನೆ.

ಕುಂಡ ಬದಲಿಸುವುದು ಎರಡು ಮೂರು ವರ್ಷಕ್ಕೊಮ್ಮೆ, ಫೆಬ್ರವರಿಯಲ್ಲಿ, ಹಳೆಯದಕ್ಕಿಂತ 2 ಇಂಚು ದೊಡ್ಡದಕ್ಕೆ. ನರ್ಸರಿಯವರ ಲಾಲ್ ಮಿಟ್ಟಿ (ಕೆಂಪು ಮಣ್ಣು) ಒಂದನ್ನೇ ತುಂಬಿದರೆ ಅದು ಗಟ್ಟಿಯಾಗಿ ನೀರು ಇಳಿಯುವುದಿಲ್ಲ. ದಪ್ಪ ಮರಳು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಸ್ವಲ್ಪ ಎರೆಗೊಬ್ಬರ ಸೇರಿಸಿ.

ತುದಿಯ ಕುಡಿಯನ್ನು ಮಾತ್ರ ಯಾವ ಕಾರಣಕ್ಕೂ ಚಿವುಟಬೇಡಿ, ಗಿಡದ ಆಕಾರ ಕೆಡುತ್ತದೆ. ನಕ್ಷತ್ರವನ್ನೂ ಅದಕ್ಕೆ ಸಿಕ್ಕಿಸಬೇಡಿ, ಪಕ್ಕದ ಬಿದಿರು ಕಡ್ಡಿಗೆ ಕಟ್ಟಿ. ನಮ್ಮ ಪಕ್ಕದ ಮನೆ ಆಂಟಿ, "ಒಂದು ಕೊಂಬೆ ಕೊಡಮ್ಮಾ, ನಾನೂ ನೆಡ್ತೀನಿ" ಅಂದರು. ಪಕ್ಕದ ಕೊಂಬೆ ಬೇರು ಬಿಟ್ಟರೂ ಮೇಲೆ ಏಳುವುದಿಲ್ಲ ಆಂಟಿ, ಅಡ್ಡಕ್ಕೇ ಬೆಳೆಯುತ್ತದೆ ಅಂದೆ. ಅವರು ನಂಬಲಿಲ್ಲ. ಕೊಟ್ಟೆ. ಈಗ ಅವರ ಕಿಟಕಿಯಲ್ಲಿ ಮಲಗಿದ ಕ್ರಿಸ್‌ಮಸ್ ಗಿಡ ಇದೆ.

ಗಿಡ ಒಂದೇ ಕಡೆ ವಾಲದಂತೆ ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿ. ಮುಂದೆ ಅದು ಸೀಲಿಂಗ್ ಮುಟ್ಟಿದರೆ? ಸೊಸೈಟಿ ಕಂಪೌಂಡ್‌ನ ಗೋಡೆ ಪಕ್ಕ ನೆಡುವ ಯೋಚನೆ ನನಗಿಲ್ಲ. ತವರಿನಲ್ಲಿ ಇದು 60 ಮೀಟರ್ ತನಕ ಬೆಳೆಯುವ ಮರ. ಮುಂಬೈ ಪಕ್ಕದ ವಸಾಯಿಯಲ್ಲಿ ವಾಡಿ (ತೋಟ) ಇರುವ ಗೆಳತಿಯ ಹತ್ತಿರ ಮಾತಾಡಿಟ್ಟಿದ್ದೇನೆ. ಬಾವಿಯಿಂದ, ಮನೆಯಿಂದ ದೂರದ ಜಾಗ ತೋರಿಸಿದ್ದಾಳೆ.