ಮಿತ್ರ ದೇಶಕ್ಕೆ ಸುರಕ್ಷಿತ ಟೆಲಿಕಾಂ ಜಾಲ ಕಟ್ಟಿಕೊಡುವುದು ಹೇಗೆ?

ಬೇಹುಗಾರಿಕೆಯ ಭಯಕ್ಕೆ ಚೀನಾ ಕಂಪನಿಯನ್ನು ಹೊರಗಿಟ್ಟರೆ ಕೆಲಸ ಮುಗಿಯಿತು ಅಂತ ನಂಬುವವರು ಜಾಸ್ತಿ. ಅವರು ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳ ಕಡೆ ಒಮ್ಮೆ ನೋಡಬೇಕು. ಆ ದೇಶದ ಸಮುದ್ರದಾಳದ ಇಂಟರ್ನೆಟ್ ಕೇಬಲ್ ಹಾಕುವ ಗುತ್ತಿಗೆ ಮೊದಲು ಚೀನಾದ ಹುವಾವೇ ಮರೀನ್‌ಗೆ ಹೋಗಿತ್ತು. ಕೇಬಲ್ಲಿನ ಇನ್ನೊಂದು ತುದಿ ಸಿಡ್ನಿಗೆ ಬರಬೇಕಿತ್ತು, ಅದು ಆಸ್ಟ್ರೇಲಿಯಾಕ್ಕೆ ಒಪ್ಪಿಗೆಯಾಗಲಿಲ್ಲ. ಖರ್ಚಿನ ಬಹುಪಾಲನ್ನು ತಾನೇ ಹೊತ್ತು, ಪಪುವಾ ನ್ಯೂಗಿನಿಯನ್ನೂ ಸೇರಿಸಿಕೊಂಡು ಸುಮಾರು 4,700 ಕಿ.ಮೀ. ಉದ್ದದ ಕೋರಲ್ ಸೀ ಕೇಬಲ್ ಹಾಕಿಸಿತು. 2020ರ ಹೊತ್ತಿಗೆ ಅದು ಶುರುವಾಯಿತು. ಎಲ್ಲರೂ ಬೆನ್ನು ತಟ್ಟಿಕೊಂಡರು. 2022ರಲ್ಲಿ ಅದೇ ಸಾಲೊಮನ್ ಸರ್ಕಾರ ಚೀನಾದ ಎಕ್ಸಿಮ್ ಬ್ಯಾಂಕಿನಿಂದ ಸುಮಾರು 6.6 ಕೋಟಿ ಡಾಲರ್ ಸಾಲ ಪಡೆದು, ಹುವಾವೇಯಿಂದಲೇ 161 ಮೊಬೈಲ್ ಟವರ್ ಕಟ್ಟಿಸುವುದಾಗಿ ಹೇಳಿತು!

ಹಾಗಾಗಿ ಹೆಜ್ಜೆಗಳನ್ನು ಸರಿಯಾದ ಕ್ರಮದಲ್ಲಿ ಇಡಬೇಕು.

ಹೆಜ್ಜೆ 1: ಅವರಿಗೆ ಏನು ಬೇಕು ಅಂತ ಕೇಳಿ

ನಿಮಗೆ ಏನು ಭಯ ಅನ್ನುವುದನ್ನು ಆಮೇಲೆ ಹೇಳಿ. ರಾಜಧಾನಿಗೆ ಕೇಬಲ್ ಬಂದರೂ ದೂರದ ದ್ವೀಪದಲ್ಲಿ ಸಿಗ್ನಲ್ ಇಲ್ಲದಿದ್ದರೆ, ಅಲ್ಲಿನ ಮಂತ್ರಿಗೆ ವೋಟು ಸಿಗುವುದಿಲ್ಲ. ಟವರ್ ಯಾರು ಕೊಟ್ಟರೂ ಆತ ಇಸ್ಕೊಳ್ತಾನೆ.

ಹೆಜ್ಜೆ 2: ‘ಬೇಡ’ ಅನ್ನುವ ಮೊದಲು ಹಣ ಹೊಂದಿಸಿ

ಸಾಲೊಮನ್ ಪಡೆದ ಸಾಲದ ಬಡ್ಡಿ ಶೇ 1, ಅವಧಿ 20 ವರ್ಷ. ಇದರ ಎದುರು ಬರೀ ಎಚ್ಚರಿಕೆಯ ಭಾಷಣ ನಿಲ್ಲುತ್ತಾ? ನೌರು, ಕಿರಿಬಾಟಿ, ಮೈಕ್ರೋನೇಷ್ಯಾಗಳ ಕೇಬಲ್ಲಿಗೆ ವಿಶ್ವ ಬ್ಯಾಂಕ್ ಬೆಂಬಲದಲ್ಲಿ ಕರೆದಿದ್ದ ಟೆಂಡರ್, ಚೀನಾ ಕಂಪನಿ ಬಗೆಗಿನ ಇಂಥದ್ದೇ ಆತಂಕದ ನಡುವೆ 2021ರಲ್ಲಿ ಬಿದ್ದುಹೋಯಿತು. ಆಸ್ಟ್ರೇಲಿಯಾ, ಅಮೆರಿಕ, ಜಪಾನ್ ಸೇರಿ ಹಣ ಕೊಡುತ್ತೇವೆ ಅಂತ ಘೋಷಿಸಿದ್ದು ಆ ವರ್ಷದ ಡಿಸೆಂಬರ್‌ನಲ್ಲಿ, ಕೇಬಲ್ ಗುತ್ತಿಗೆಗೆ ಸಹಿ ಬಿದ್ದಿದ್ದು 2023ರಲ್ಲಿ. ಆ ನಡುವಿನ ಕಾಲವನ್ನು ದ್ವೀಪದ ಜನ ಸ್ಯಾಟಲೈಟ್ ನೆಚ್ಚಿಕೊಂಡು ಕಳೆಯಬೇಕಾಯಿತು.

ಹೆಜ್ಜೆ 3: ಉಪಕರಣ ಆರಿಸಿ

ಇದು ಸುಲಭ. ನೋಕಿಯಾ, ಎರಿಕ್ಸನ್, ಸ್ಯಾಮ್‌ಸಂಗ್, ಎನ್‌ಇಸಿ, ಯಾವುದಾದರೂ ಆದೀತು. ಕಂಪನಿಯ ಹೆಸರಿಗಿಂತ ಅದು ಯಾವ ಕಾನೂನಿಗೆ ತಲೆಬಾಗಬೇಕು ಅನ್ನುವುದನ್ನು ನೋಡಿ. ತಾನು ಯಾರಿಗೂ ಬೇಹುಗಾರಿಕೆ ಮಾಡಿಕೊಟ್ಟಿಲ್ಲ ಅಂತ ಹುವಾವೇ ಹೇಳುತ್ತಲೇ ಬಂದಿದೆ. ಆದರೆ ಚೀನಾದ 2017ರ ಗುಪ್ತಚರ ಕಾನೂನು ಅಲ್ಲಿನ ಕಂಪನಿಗಳೆಲ್ಲ ಸರ್ಕಾರದ ಬೇಹು ಕೆಲಸಕ್ಕೆ ಸಹಕರಿಸಬೇಕು ಅನ್ನುತ್ತದೆ.

‘ಕೋಡ್ ಪರೀಕ್ಷೆ ಮಾಡಿ ತಗೊಂಡ್ರಾಯ್ತು’ ಅನ್ನುವ ಅಡ್ಡದಾರಿಯನ್ನು ಸಣ್ಣ ದೇಶಕ್ಕೆ ಹೇಳಿಕೊಡಬೇಡಿ. ಹುವಾವೇ ಉಪಕರಣ ಪರೀಕ್ಷಿಸಲೆಂದೇ ಬ್ರಿಟನ್ನಿನ ಬ್ಯಾನ್‌ಬರಿಯಲ್ಲಿ 2010ರಲ್ಲಿ ಒಂದು ಕೇಂದ್ರ ಶುರುವಾಯಿತು. ಅದರ ಮೇಲ್ವಿಚಾರಣಾ ಮಂಡಳಿಯೇ 2019ರಲ್ಲಿ ‘ಸೀಮಿತ ಭರವಸೆ ಮಾತ್ರ ಕೊಡಬಲ್ಲೆವು’ ಎಂಬರ್ಥದ ವರದಿ ಕೊಟ್ಟಿತು. ಅವರಿಗೆ ಕಂಡಿದ್ದು ಬೇಹುಗಾರಿಕೆಯಲ್ಲ, ಅಡ್ಡಾದಿಡ್ಡಿ ಎಂಜಿನಿಯರಿಂಗ್. ಅದಕ್ಕಿಂತ ನಮ್ಮಲ್ಲಿರುವ ‘ನಂಬಿಕಸ್ಥ ಮೂಲ’ ಪಟ್ಟಿ ವಾಸಿ. 2021ರ ಜೂನ್ 15ರಿಂದ ಭಾರತದ ಟೆಲಿಕಾಂ ಕಂಪನಿಗಳು ಹೊಸ ಉಪಕರಣವನ್ನು ಆ ಪಟ್ಟಿಯಿಂದಲೇ ತರಬೇಕು. ಭದ್ರತಾ ಪರೀಕ್ಷೆ, ಪ್ರಮಾಣಪತ್ರದ ವ್ಯವಸ್ಥೆ ನೋಡಿಕೊಳ್ಳುವ ಕೇಂದ್ರ ಬೆಂಗಳೂರಿನಲ್ಲಿದೆ. ಸಣ್ಣ ದೇಶ ಇಂಥ ಪಟ್ಟಿಯನ್ನು ಎರವಲು ಪಡೆಯಲಿ, ಸ್ವಂತ ಲ್ಯಾಬ್ ಕಟ್ಟುವುದು ಬೇಡ.

ಇನ್ನೊಂದು ಮಾತು. ಬೇರೆಬೇರೆ ಕಂಪನಿಗಳ ಪೆಟ್ಟಿಗೆ ಜೋಡಿಸಿ ಮೊಬೈಲ್ ಜಾಲ ಕಟ್ಟುವ ಓಪನ್ ರಾನ್ ಬಗ್ಗೆ ಕ್ವಾಡ್ ದೇಶಗಳಿಗೆ (ಭಾರತ, ಅಮೆರಿಕ, ಜಪಾನ್, ಆಸ್ಟ್ರೇಲಿಯಾ) ಭಾರಿ ಉತ್ಸಾಹ. ಪಲಾವ್ ದೇಶಕ್ಕೆ ಅದನ್ನು ಕೊಡುತ್ತೇವೆ ಅಂತ 2023ರಲ್ಲಿ ಹೇಳಿದವು. ನಾನಾದರೆ ಬೆರಳೆಣಿಕೆಯ ಎಂಜಿನಿಯರ್‌ಗಳಿರುವ ದೇಶಕ್ಕೆ ಖಂಡಿತ ಕೊಡುವುದಿಲ್ಲ. ಜಾಲ ಕೆಟ್ಟ ದಿನ ಒಂದು ಕಂಪನಿ ಇನ್ನೊಂದರತ್ತ ಬೆರಳು ತೋರಿಸುತ್ತದೆ, ಅಷ್ಟೇ.

ಹೆಜ್ಜೆ 4: ಕೀಲಿಕೈ ಯಾರ ಹತ್ತಿರ?

ಎಲ್ಲರೂ ಎಡವುವುದು ಇಲ್ಲಿ. ಜಾಲ ಉದ್ಘಾಟನೆಯಾಗುತ್ತದೆ, ರಿಬ್ಬನ್ ಕತ್ತರಿಸುತ್ತಾರೆ, ಕಟ್ಟಿದವರ ಲಾಗಿನ್ ಮಾತ್ರ ಹಾಗೇ ಉಳಿದಿರುತ್ತದೆ. ಮನೆ ಕಟ್ಟಿಸಿ ಬೀಗದ ಕೈಯನ್ನು ಮೇಸ್ತ್ರಿ ಹತ್ತಿರವೇ ಬಿಟ್ಟ ಹಾಗೆ.

ಆದ್ದರಿಂದ ಹಸ್ತಾಂತರದ ದಿನ ಒಂದು ಪಟ್ಟಿ ಹಿಡಿದು ಕೂರಿ. ಪ್ರತಿ ಪೆಟ್ಟಿಗೆಯ ಮೂಲ ಪಾಸ್‌ವರ್ಡ್ ಬದಲಾಯಿಸಿ. ಕಂಪನಿಯ ಎಂಜಿನಿಯರ್‌ಗಳ ಖಾತೆಗಳನ್ನು ಮುಚ್ಚಿ. ರಿಪೇರಿಗೆ ಅವರು ಹೊರಗಿನಿಂದ ಬರಲೇಬೇಕಾದರೆ ಒಂದೇ ಬಾಗಿಲು ಇಡಿ. ಸ್ಥಳೀಯ ಸಿಬ್ಬಂದಿ ತೆರೆದಾಗ ಮಾತ್ರ ಅದು ತೆರೆಯಬೇಕು, ಕೆಲಸ ಮುಗಿದ ಕೂಡಲೇ ಮುಚ್ಚಬೇಕು. ಒಳಗೆ ಮಾಡಿದ್ದೆಲ್ಲ ದಾಖಲಾಗಬೇಕು. ಆ ದಾಖಲೆ ಬೇರೆ ಯಂತ್ರದಲ್ಲಿರಬೇಕು, ಕಂಪನಿಯ ಕೈಗೆ ಸಿಗಬಾರದು. ‘ತುರ್ತಿಗೆ ಒಂದು ಲಾಗಿನ್ ಇಟ್ಕೊಳ್ತೀವಿ ಸಾರ್’ ಅಂತ ಕೇಳುತ್ತಾರೆ. ಮುಲಾಜಿಲ್ಲದೆ ಇಲ್ಲ ಅನ್ನಿ. ಸ್ನೇಹದ ದೇಶದ ಕಂಪನಿಗೂ ಇದೇ ಉತ್ತರ.

ಪೊಲೀಸರ ಕದ್ದಾಲಿಕೆ ವ್ಯವಸ್ಥೆಯ ಮೇಲೆ ಎರಡು ಪಟ್ಟು ಕಣ್ಣಿಡಿ. 2004-05ರಲ್ಲಿ ಅಥೆನ್ಸ್‌ನಲ್ಲಿ ಪ್ರಧಾನಿ ಕರಮನ್ಲಿಸ್ ಸೇರಿ ನೂರಕ್ಕೂ ಹೆಚ್ಚು ಜನರ ಮೊಬೈಲ್ ಮಾತು ಸೋರಿಹೋಯಿತು. ಸ್ವಿಚ್‌ಗಳು ಎರಿಕ್ಸನ್‌ನವು, ಅಂದರೆ ‘ಒಳ್ಳೆಯ’ ಕಂಪನಿಯವು. ಅವುಗಳೊಳಗೆ ಯಾರೋ ಕಳ್ಳ ತಂತ್ರಾಂಶ ಸೇರಿಸಿ, ಕಾನೂನಿನ ಕೆಲಸಕ್ಕೆಂದು ಇದ್ದ ಕದ್ದಾಲಿಕೆ ಸೌಲಭ್ಯವನ್ನು ತಮಗೆ ಬೇಕಾದಂತೆ ಬಳಸಿಕೊಂಡಿದ್ದರು. 2024ರಲ್ಲಿ ಬಯಲಾದ ಸಾಲ್ಟ್ ಟೈಫೂನ್ ದಾಳಿಯಲ್ಲಿ ಚೀನಾದ ಹ್ಯಾಕರ್‌ಗಳು ಅಮೆರಿಕದ ದೊಡ್ಡ ದೊಡ್ಡ ಜಾಲಗಳ ಒಳಗೇ ಓಡಾಡಿದ್ದರು.

ಆಮೇಲೆ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಗುತ್ತಿಗೆ. ಬಜೆಟ್ಟಿನಲ್ಲಿ ಮೊದಲು ಕತ್ತರಿ ಬೀಳುವುದು ಇದಕ್ಕೇ. ಪಪುವಾ ನ್ಯೂಗಿನಿಯ ರಾಜಧಾನಿ ಪೋರ್ಟ್ ಮೊರೆಸ್ಬಿಯಲ್ಲಿ ಚೀನಾದ ಸಾಲದಲ್ಲಿ ಹುವಾವೇ ಕಟ್ಟಿದ ಡೇಟಾ ಸೆಂಟರ್ 2018ರಲ್ಲಿ ಶುರುವಾಯಿತು. ಹಳತಾದ ಫೈರ್‌ವಾಲ್, ದುರ್ಬಲ ಗೂಢಲಿಪಿ ಅಂತ ಆಸ್ಟ್ರೇಲಿಯಾ ಮಾಡಿಸಿದ ತನಿಖೆ ಹೇಳಿತು. ಕೆಲಸ ನಿಯಮದಂತೆಯೇ ಆಗಿದೆ ಅಂತ ಕಂಪನಿ ಹೇಳಿತು. ಯಾರ ಮಾತು ಸರಿಯಾದರೂ, ನಿರ್ವಹಣೆಗೆ ಹಣವಿಲ್ಲದ ಯಂತ್ರಕ್ಕೆ ಶತ್ರು ಬೇಕಾಗಿಲ್ಲ. ಕನಿಷ್ಠ ಏಳೆಂಟು ವರ್ಷದ ಅಪ್‌ಡೇಟ್, ಲೈಸೆನ್ಸ್, ಬಿಡಿಭಾಗದ ಹಣವನ್ನು ನೆರವಿನಲ್ಲೇ ಸೇರಿಸಿ. ಕಡಿಮೆ ಬೆಲೆಯವರಿಗೇ ಕೊಡುವ ಎಲ್-ಒನ್ ಟೆಂಡರಿನಲ್ಲಿ ಈ ಖರ್ಚು ಕಾಣುವುದೇ ಇಲ್ಲ. ಒಟ್ಟು ಆಯುಷ್ಯದ ಖರ್ಚು ನೋಡಿ ದರ ಹೋಲಿಸಿ. ಸ್ಥಳೀಯ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು, ಊರಲ್ಲೇ ಉಳಿಯುವಷ್ಟು ಸಂಬಳವನ್ನೂ ಲೆಕ್ಕ ಹಾಕಿ. ಇಲ್ಲದಿದ್ದರೆ ತರಬೇತಿ ಮುಗಿಸಿ ಸಿಡ್ನಿ ವಿಮಾನ ಹತ್ತುತ್ತಾರೆ.

ಹೆಜ್ಜೆ 5: ಹಳೆಯದನ್ನು ಕಿತ್ತುಹಾಕಿ

ಅವಸರ ಬೇಡ. ಬ್ರಿಟನ್ ತನ್ನ 5ಜಿ ಜಾಲದಿಂದ ಹುವಾವೇ ತೆಗೆಯಲು 2027ರ ಕೊನೆಯವರೆಗೆ ಗಡುವು ಇಟ್ಟುಕೊಂಡಿದೆ. ಅಮೆರಿಕ ತನ್ನ ಹಳ್ಳಿಗಾಡಿನ ಕಂಪನಿಗಳಿಗೆ ‘ಕಿತ್ತು ಬದಲಿಸಿ’ ಅಂದು 190 ಕೋಟಿ ಡಾಲರ್ ಇಟ್ಟಿತು, ಬೇಕಾಗಿದ್ದು ಸುಮಾರು 500 ಕೋಟಿ. ಉಳಿದ ಹಣಕ್ಕೆ ಮಂಜೂರಾತಿ ಸಿಕ್ಕಿದ್ದು 2024ರ ಡಿಸೆಂಬರ್‌ನಲ್ಲಿ. ಅಷ್ಟು ಶ್ರೀಮಂತ ದೇಶಕ್ಕೇ ಹೀಗಾದರೆ ದ್ವೀಪರಾಷ್ಟ್ರದ ಗತಿ ಏನು? ಮೊದಲು ಕೋರ್, ಅಂದರೆ ಇಡೀ ಜಾಲವನ್ನು ನಡೆಸುವ ಕೇಂದ್ರಭಾಗ ಬದಲಿಸಿ, ಟವರ್‌ಗಳಿಗೆ ವಯಸ್ಸಾದ ಹಾಗೆ ಬದಲಿಸುತ್ತಾ ಹೋಗಿ.

ಹೆಜ್ಜೆ 6: ಎರಡನೇ ದಾರಿ

2022ರ ಜನವರಿಯಲ್ಲಿ ಟೊಂಗಾದ ಜ್ವಾಲಾಮುಖಿ ಸಿಡಿದು ದೇಶದ ಒಂದೇ ಒಂದು ಅಂತರರಾಷ್ಟ್ರೀಯ ಕೇಬಲ್ ತುಂಡಾಯಿತು. ಜೋಡಿಸಲು ಸುಮಾರು ಐದು ವಾರ ಹಿಡಿಯಿತು. ಒಂದು ಕೇಬಲ್ ಜೊತೆಗೆ ಸ್ಯಾಟಲೈಟ್ ಒಪ್ಪಂದವನ್ನೂ ಅದೇ ಕಡತದಲ್ಲಿ ಸಹಿ ಮಾಡಿಸಿ. ವರ್ಷಕ್ಕೊಮ್ಮೆಯಾದರೂ ಕೇಬಲ್ ಬಂದ್ ಮಾಡಿ ಸ್ಯಾಟಲೈಟ್ ದಾರಿ ಓಡುತ್ತಾ ಅಂತ ಪರೀಕ್ಷಿಸಿ.