ಉಡುಪಿಯಿಂದ ಥಾಣೆಗೆ ಮನೆ ಸಾಗಿಸಿದ ಲೆಕ್ಕ

ಉಡುಪಿಯ ಕಡಿಯಾಳಿಯಲ್ಲಿದ್ದ ಬಾಡಿಗೆ ಮನೆಯನ್ನು ಖಾಲಿ ಮಾಡಿ ಥಾಣೆಗೆ ಹೋಗುವುದೆಂದು 2025ರ ಏಪ್ರಿಲಿನಲ್ಲಿ ನಿಶ್ಚಯವಾದಾಗ, ಸಾಮಾನು ಸಾಗಿಸುವ ಎರಡು ಸಂಸ್ಥೆಗಳವರನ್ನು ಕರೆಸಿ ದರ ಕೇಳಿದೆ. ಒಬ್ಬರು 36,000 ರೂಪಾಯಿ ಎಂದರು, ಇನ್ನೊಬ್ಬರು 41,000 ಎಂದರು. ಸ್ಕೂಟರಿಗೆ ಇಬ್ಬರದೂ ಬೇರೆ ದರ. ಹೊಸದಾಗಿ ಕೆಲಸ ಕೊಟ್ಟವರು ಸಾಗಾಟದ ಖರ್ಚು ತಮ್ಮದಲ್ಲವೆಂದು ಮೊದಲೇ ಹೇಳಿದ್ದರು. ನಮ್ಮ ಮನೆಯಲ್ಲಿದ್ದ ಎಲ್ಲ ಸಾಮಾನನ್ನು ಆ ದಿನ ಗುಜರಿಗೆ ಹಾಕಿದ್ದರೂ 41,000 ಹುಟ್ಟುತ್ತಿತ್ತೋ ಇಲ್ಲವೋ ಅನುಮಾನ. ಆದ್ದರಿಂದ ಎಲ್ಲವನ್ನೂ ಒಬ್ಬರ ಕೈಗೆ ಒಪ್ಪಿಸುವುದನ್ನು ಬಿಟ್ಟು, ಯಾವ ವಸ್ತುವಿಗೆ ಯಾವ ದಾರಿ ಅಗ್ಗ ಎಂದು ಒಂದೊಂದಾಗಿ ನೋಡತೊಡಗಿದೆ.

ಮೊದಲು ಮಾಡಿದ್ದು ತೂಗುವ ಕೆಲಸ. ಮನೆಯಲ್ಲಿದ್ದ ಮೈತೂಕದ ಯಂತ್ರದ ಮೇಲೆ ಬರಿಗೈಯಲ್ಲಿ ಒಮ್ಮೆ, ಚೀಲ ಹಿಡಿದು ಇನ್ನೊಮ್ಮೆ ನಿಂತು ವ್ಯತ್ಯಾಸವನ್ನು ಬರೆದುಕೊಂಡೆ. ಎರಡು ಸಂಜೆ ಹೀಗೆ ಕಳೆದ ಮೇಲೆ ಸಾಮಾನು ತಾನಾಗಿಯೇ ಬೇರೆಬೇರೆ ಗುಂಪಾಯಿತು. ಪಾತ್ರೆ, ಮಿಕ್ಸಿ, ಬಟ್ಟೆ, ಉಪಕರಣಗಳು ಗಾತ್ರದಲ್ಲಿ ಚಿಕ್ಕವು, ತೂಕದಲ್ಲಿ ಹೆಚ್ಚಿನವು. ಹಾಸಿಗೆ, ಮಂಚ, ಫ್ರಿಜ್ಜು, ವಾಷಿಂಗ್ ಮೆಷಿನ್ನು ಜಾಗ ತಿನ್ನುವವು. ಪುಸ್ತಕಗಳು 85 ಕಿಲೊ ಇದ್ದವು. ಹಳೆಯ ಮರದ ಸೋಫಾವನ್ನು ಇಲ್ಲಿಯೇ 2,000 ರೂಪಾಯಿಗೆ ಮಾರಿದೆವು. ಅದನ್ನು ಒಯ್ಯುವ ಬಾಡಿಗೆ ಅದಕ್ಕಿಂತ ಹೆಚ್ಚಾಗುತ್ತಿತ್ತು. ಗ್ಯಾಸ್ ಸಿಲಿಂಡರನ್ನು ರೈಲಿನಲ್ಲಿ ಕೊಂಡೊಯ್ಯುವಂತಿಲ್ಲವಾದ್ದರಿಂದ ಏಜೆನ್ಸಿಗೆ ಹಿಂದಿರುಗಿಸಿ, ವರ್ಗಾವಣೆಯ ಚೀಟಿ ಪಡೆದೆ. ಅತ್ತೆಯವರು ಕೊಟ್ಟಿದ್ದ ಕಡೆಯುವ ಕಲ್ಲಿನ ವಿಷಯದಲ್ಲಿ ಮಾತ್ರ ಎರಡು ದಿನ ಚರ್ಚೆ ನಡೆದು, ಕೊನೆಗೆ ಅದು ಊರಿನ ಮನೆಯ ಹಿತ್ತಿಲಿಗೆ ಹೋಯಿತು.

ಭಾರದ ಸಾಮಾನಿಗೆ ರೈಲ್ವೆ ಪಾರ್ಸೆಲ್ಲೇ ಅಗ್ಗವೆಂಬುದು ನನ್ನ ಅನುಭವ. ಆದರೆ ಇಂದ್ರಾಳಿಯ ಉಡುಪಿ ನಿಲ್ದಾಣವನ್ನು ಬಿಟ್ಟು ಮಂಗಳೂರು ಸೆಂಟ್ರಲಿಗೇ ಹೋದೆ. ಉಡುಪಿಯಲ್ಲಿ ರೈಲು ನಿಲ್ಲುವುದು ಎರಡು ಮೂರು ನಿಮಿಷ. ಅಷ್ಟರೊಳಗೆ ಏಳು ಭಾರದ ಕಟ್ಟುಗಳು ಮತ್ತು ಒಂದು ಸ್ಕೂಟರು ಬ್ರೇಕ್ ವ್ಯಾನಿಗೆ, ಅಂದರೆ ರೈಲಿನ ಸಾಮಾನಿನ ಡಬ್ಬಿಗೆ, ಏರುವುದನ್ನು ನಂಬಿ ಕೂರುವಷ್ಟು ಧೈರ್ಯ ನನಗಿರಲಿಲ್ಲ. ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮಂಗಳೂರು ಸೆಂಟ್ರಲಿನಲ್ಲಿ ಹೊರಟು ಮುಂಬಯಿಯ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಲ್ಲಿ ಕೊನೆಗೊಳ್ಳುತ್ತದೆ. ರೈಲು ಹುಟ್ಟುವ ನಿಲ್ದಾಣದಲ್ಲಿ ಏರಿಸಿ ಅದು ಮುಗಿಯುವ ನಿಲ್ದಾಣದಲ್ಲಿ ಇಳಿಸಿಕೊಂಡರೆ ಎರಡೂ ಕಡೆ ಅವಸರವಿರುವುದಿಲ್ಲ, ಸಾಮಾನು ಇಳಿಯದೆ ಮುಂದಕ್ಕೆ ಹೋಗುವ ಭಯವೂ ಇಲ್ಲ. ಉಡುಪಿಯಿಂದ ಮಂಗಳೂರಿಗೆ ಟೆಂಪೊ ಬಾಡಿಗೆ ಹೆಚ್ಚುವರಿಯಾಗಿ ಬಿದ್ದರೂ ನಾನು ಹಾಗೆಯೇ ಮಾಡಿದೆ.

ಕಟ್ಟುವ ವಿಧಾನವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪಾತ್ರೆಗಳ ನಡುವೆ ಹಳೆಯ ಲುಂಗಿ, ಸೀರೆಗಳನ್ನು ತುರುಕಿ, ಗೇರುಬೀಜದ ಕಾರ್ಖಾನೆಯಿಂದ ತಂದ ದಪ್ಪ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿದೆವು. ಪೆಟ್ಟಿಗೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಅಡಿಕೆಯ ಗೋಣಿ ಹಾಕಿ, ದಬ್ಬಣದಿಂದ ಬಾಯಿ ಹೊಲಿದೆವು. ಹೊಲಿದ ಗೋಣಿಯ ಲಾಭವೆಂದರೆ ಹಮಾಲಿಗಳಿಗೆ ಕಿವಿ ಹಿಡಿದೆತ್ತಲು ಸುಲಭ, ಯಾರಾದರೂ ಬಿಚ್ಚಿದ್ದರೆ ಕೂಡಲೇ ಗೊತ್ತಾಗುತ್ತದೆ. ಹೆಸರು, ಫೋನ್ ನಂಬರು, ಹೊರಡುವ ಮತ್ತು ತಲುಪುವ ನಿಲ್ದಾಣಗಳ ಸಂಕೇತಾಕ್ಷರಗಳಾದ ಎಂ.ಎ.ಕ್ಯೂ., ಎಲ್.ಟಿ.ಟಿ. ಇವನ್ನು ಗೋಣಿಯ ಮೇಲೆಯೇ ಎರಡು ಬದಿ ಬಣ್ಣದಲ್ಲಿ ಬರೆದು, ಅದೇ ವಿವರದ ಚೀಟಿಯೊಂದನ್ನು ಒಳಗೂ ಇಟ್ಟೆ. ಅಂಟಿಸಿದ ಕಾಗದ ಕರಾವಳಿಯ ಮಳೆಗೆ ಒಂದು ಗಂಟೆಯೂ ನಿಲ್ಲುವುದಿಲ್ಲ.

ಪಾರ್ಸೆಲ್ ಕಚೇರಿಯಲ್ಲಿ ನನ್ನ ಲೆಕ್ಕ ತಪ್ಪಿದ್ದು ಹಾಸಿಗೆಯಲ್ಲಿ. ಬೂರುಗದ ಹತ್ತಿಯ ಹಾಸಿಗೆಯನ್ನು ಬಿಗಿಯಾಗಿ ಸುರುಳಿ ಕಟ್ಟಿ ಒಯ್ದಿದ್ದೆ. ಅದರ ತೂಕ 14 ಕಿಲೊ. ಆದರೆ ಹಗುರವಾಗಿ ಜಾಗ ತಿನ್ನುವ ವಸ್ತುಗಳಿಗೆ ರೈಲ್ವೆಯವರು 28 ಘನ ಡೆಸಿಮೀಟರಿಗೆ 4 ಕಿಲೊ ಎಂದು ಗಾತ್ರದಿಂದ ತೂಕ ಕಟ್ಟುತ್ತಾರೆ. ನನ್ನ ಸುರುಳಿ ಉದ್ದ 100, ಅಗಲ 60, ಎತ್ತರ 60 ಸೆಂಟಿಮೀಟರ್ ಇತ್ತು, ಅಂದರೆ 360 ಘನ ಡೆಸಿಮೀಟರ್. 28ರಿಂದ ಭಾಗಿಸಿ 4ರಿಂದ ಗುಣಿಸಿದರೆ 51 ಕಿಲೊ. ಕೊರಿಯರಿನವರ ಸಾಮಾನ್ಯ ಸೂತ್ರದಲ್ಲಿ, ಅಂದರೆ ಸೆಂಟಿಮೀಟರಿನ ಗುಣಲಬ್ಧವನ್ನು 5,000ದಿಂದ ಭಾಗಿಸುವ ಕ್ರಮದಲ್ಲಿ, ಅದೇ ಹಾಸಿಗೆ 72 ಕಿಲೊ ಆಗುತ್ತದೆ. ಅದನ್ನು ಟೆಂಪೊದಲ್ಲಿಯೇ ಮರಳಿ ಕಳುಹಿಸಿ ಲಾರಿಯ ಗುಂಪಿಗೆ ಸೇರಿಸಿದೆ. ಹೊರಡುವ ಮೊದಲು ಅಳತೆಪಟ್ಟಿ ಹಿಡಿದಿದ್ದರೆ ಆ ಓಡಾಟ ತಪ್ಪುತ್ತಿತ್ತು.

ಸ್ಕೂಟರಿಗೆ ನೋಂದಣಿ ಪತ್ರ ಮತ್ತು ಗುರುತಿನ ಚೀಟಿಯ ಪ್ರತಿಗಳು ಬೇಕು, ಟ್ಯಾಂಕು ಪೂರ್ತಿ ಖಾಲಿಯಿರಬೇಕು. ಥಾಣೆಯಲ್ಲಿ ಪಂಪಿನ ತನಕವಾದರೂ ಓಡಲಿ ಎಂದು ನಾನು ಅರ್ಧ ಲೀಟರು ಉಳಿಸಿಕೊಂಡಿದ್ದೆ. ಅದನ್ನು ಅಲ್ಲಿಯೇ ಇಳಿಸಿ, ಜೊತೆಗೆ ಬಂದಿದ್ದ ಗೆಳೆಯನ ಬೈಕಿಗೆ ಹಾಕಬೇಕಾಯಿತು. ಕನ್ನಡಿ, ದೀಪ, ಹ್ಯಾಂಡಲುಗಳಿಗೆ ಬೈಹುಲ್ಲು ಮತ್ತು ಗೋಣಿ ಸುತ್ತಿಸಿದೆ. ಕೆ.ಎ. 20ರ, ಅಂದರೆ ಉಡುಪಿ ನೋಂದಣಿಯ, ವಾಹನವನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವುದಾದರೆ ಅಲ್ಲಿ ಮರುನೋಂದಣಿ ಆಗಬೇಕು. ಆ ಖರ್ಚನ್ನೂ ಸೇರಿಸಿ ನೋಡಿದರೆ ಹಳೆಯ ಸ್ಕೂಟರನ್ನು ಇಲ್ಲೇ ಮಾರುವುದು ಲೇಸು. ನನ್ನದು ಎರಡು ವರ್ಷದ್ದಾಗಿತ್ತು. ಇನ್ನೊಂದು ವಿಷಯ: ಬೆಲೆಯನ್ನು ಘೋಷಿಸಿ ಅದಕ್ಕೆ ತಕ್ಕ ಶುಲ್ಕ ಕಟ್ಟದಿದ್ದರೆ, ಪಾರ್ಸೆಲ್ ಕಳೆದುಹೋದಾಗ ರೈಲ್ವೆಯ ಹೊಣೆ ಕಿಲೊ ಒಂದಕ್ಕೆ 50 ರೂಪಾಯಿಗೆ ಸೀಮಿತವಾಗಿರುತ್ತದೆ. ಹಂಡೆ, ಪಾತ್ರೆಗೆ ಅದು ಸಾಲಬಹುದು, ಸ್ಕೂಟರಿಗೆ ಏನೇನೂ ಸಾಲದು. ಹಾಗಾಗಿ ಸ್ಕೂಟರಿನ ಬೆಲೆಯನ್ನು ಮಾತ್ರ ಘೋಷಿಸಿದೆ.

ಪುಸ್ತಕಗಳಿಗೆ ಅಂಚೆಯೇ ಸರಿಯಾಯಿತು. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಎಂಬ ಸೇವೆ ಬಂದಿದೆ. 300 ಗ್ರಾಮಿನ ಕಟ್ಟಿಗೆ 20 ರೂಪಾಯಿಯಿಂದ ತೊಡಗಿ 5 ಕಿಲೊವರೆಗಿನ ಕಟ್ಟಿಗೆ 100 ರೂಪಾಯಿ, ತೆರಿಗೆ ಬೇರೆ. ನೆಲದ ದಾರಿಯಲ್ಲೇ ಹೋಗುವುದರಿಂದ ನಿಧಾನ, ಆದರೆ ಕಟ್ಟು ಎಲ್ಲಿದೆಯೆಂದು ನೋಡಬಹುದು. 85 ಕಿಲೊ ಪುಸ್ತಕ 17 ಕಟ್ಟುಗಳಾಗಿ, ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಹೋಯಿತು. 5 ಕಿಲೊ ಎಂದರೆ ಸುತ್ತಿದ ಕಾಗದವೂ ಸೇರಿ 5 ಕಿಲೊ. ಆದ್ದರಿಂದ ಪ್ರತಿಯೊಂದನ್ನೂ ಸ್ವಲ್ಪ ಕಡಿಮೆಯೇ ಕಟ್ಟಿ, ಉಳಿದ ಕೆಲವನ್ನು ಕೈಚೀಲಕ್ಕೆ ಹಾಕಿಕೊಂಡೆ. ನಿಯತಕಾಲಿಕಗಳಿಗೆ ಈ ದರ ಅನ್ವಯಿಸದ ಕಾರಣ, ಕೂಡಿಟ್ಟಿದ್ದ ಹಳೆಯ ದೀಪಾವಳಿ ವಿಶೇಷಾಂಕಗಳು ಪಾತ್ರೆಗಳ ಜೊತೆ ರೈಲು ಹತ್ತಿದವು.

ದೊಡ್ಡ ಸಾಮಾನಿಗೆ ಮಂಗಳೂರಿನ ಕೈಗಾರಿಕಾ ಪ್ರದೇಶವಾದ ಬೈಕಂಪಾಡಿಯ ಕಡೆಯಿಂದ ಮುಂಬಯಿಗೆ ಹೋಗುವ ಲಾರಿಯೊಂದರಲ್ಲಿ ಪಾರ್ಟ್ ಲೋಡ್, ಅಂದರೆ ಲಾರಿಯ ಒಂದು ಭಾಗದಷ್ಟು ಜಾಗ, ಸಿಕ್ಕಿತು. ಬಂದರಿಗೆ, ಕಾರ್ಖಾನೆಗಳಿಗೆ ಸರಕು ತಂದಿಳಿಸಿದ ಲಾರಿಗಳು ಖಾಲಿ ಹಿಂದಿರುಗುವ ಬದಲು ಸಿಕ್ಕಿದ್ದನ್ನು ಹೇರಿಕೊಳ್ಳುತ್ತವೆ. ಅವುಗಳಲ್ಲಿ ಜಾಗದ ಲೆಕ್ಕದಲ್ಲಿ ಬಾಡಿಗೆ ಮಾತಾಡಬಹುದು. ನಾನು 9,500ಕ್ಕೆ ಒಪ್ಪಿಸಿದೆ. ಬಳಸಿದ ಗೃಹೋಪಯೋಗಿ ಸಾಮಾನಿಗೆ ಇ-ವೇ ಬಿಲ್ಲು, ಅಂದರೆ ಸರಕು ಸಾಗಾಟದ ಜಿ.ಎಸ್.ಟಿ. ದಾಖಲೆ, ಬೇಕಿಲ್ಲ. ಆದರೂ ದಾರಿಯಲ್ಲಿ ಯಾರಾದರೂ ಕೇಳಿದರೆ ಇರಲಿ ಎಂದು, ಇವು ನನ್ನ ಸ್ವಂತ ಹಳೆಯ ಸಾಮಾನುಗಳು ಎಂಬ ಸಹಿ ಮಾಡಿದ ಪಟ್ಟಿಯನ್ನು ಚಾಲಕರಿಗೆ ಕೊಟ್ಟೆ. ವಾಷಿಂಗ್ ಮೆಷಿನ್ನಿನ ಡ್ರಮ್ಮು ಅಲುಗಾಡದಂತೆ, ಕೊಳ್ಳುವಾಗ ಬಂದಿದ್ದ ನಾಲ್ಕು ಬೋಲ್ಟುಗಳನ್ನು ಹುಡುಕಿ ಹಿಂಬದಿಯಲ್ಲಿ ಬಿಗಿದೆ. ಫ್ರಿಜ್ಜನ್ನು ನಿಲ್ಲಿಸಿಯೇ ಕಟ್ಟಿಸಿದೆ.

ಮಳೆಗೆ ಮುಂಚೆ ಎಲ್ಲ ಮುಗಿಸಬೇಕೆಂಬ ನನ್ನ ಯೋಜನೆಯನ್ನು ಆ ವರ್ಷದ ಮುಂಗಾರು ಕೆಡಿಸಿತು. ಮೇ 24ಕ್ಕೇ ಅದು ಕೇರಳವನ್ನು ಮುಟ್ಟಿತು, ಕರಾವಳಿಯಲ್ಲಿ ರೆಡ್ ಅಲರ್ಟ್ ಘೋಷಣೆಯಾಯಿತು, 26ಕ್ಕೆ ಮುಂಬಯಿಯಲ್ಲೂ ಮಳೆಗಾಲ. ಲಾರಿಗೆ ಸಾಮಾನು ಏರಿಸಿದ್ದು 25ರಂದು, ಸುರಿಯುವ ಮಳೆಯಲ್ಲಿ. ಹಾಸಿಗೆಯನ್ನು ಎರಡು ಪದರ ಟಾರ್ಪಾಲಿನಲ್ಲಿ ಸುತ್ತಿ, ನೆಲಕ್ಕೆ ತಾಗದಂತೆ ಮಂಚದ ಹಲಗೆಗಳ ಮೇಲೆ ಇಡಿಸಿದ್ದರಿಂದ ಉಳಿಯಿತು. ಲಾರಿ ಸುರತ್ಕಲ್ಲಿನಲ್ಲಿ ಕೊಂಕಣ ರೈಲ್ವೆಯ ರೋ-ರೋ ಗಾಡಿಯ ಮೇಲೇರಿ ಮಹಾರಾಷ್ಟ್ರದ ಕೋಲಾಡದಲ್ಲಿ ಇಳಿಯಿತೆಂದು ಚಾಲಕರು ಫೋನಿನಲ್ಲಿ ತಿಳಿಸಿದರು. ಲಾರಿಯನ್ನೇ ರೈಲಿನ ಮೇಲೆ ಸಾಗಿಸುವ ಈ ವ್ಯವಸ್ಥೆ 1999ರಲ್ಲಿ ಆರಂಭವಾದದ್ದು. ಹೆದ್ದಾರಿಯ ಹೊಂಡಗಳಲ್ಲಿ ಕುಲುಕದೆ ಫ್ರಿಜ್ಜು ದಾರಿಯ ಹೆಚ್ಚಿನ ಭಾಗವನ್ನು ರೈಲಿನಲ್ಲೇ ಕಳೆದದ್ದು ನನ್ನ ಅದೃಷ್ಟ.

ಆದರೆ ಅದೇ ಲಾರಿಯ ಸಾಮಾನು ಥಾಣೆಯ ಮನೆಬಾಗಿಲಿಗೆ ಬರಲಿಲ್ಲ, ಭಿವಂಡಿಯ ಗೋದಾಮಿನಲ್ಲಿ ಇಳಿಯಿತು. ಮನೆಯವರೆಗೆ ಎಂದು ಬಾಯಿಮಾತಿನಲ್ಲಿ ಒಪ್ಪಿದ್ದ ಏಜೆಂಟರು, ರಸೀದಿಯಲ್ಲಿ ಹಾಗೆಲ್ಲಿದೆ ಎಂದು ಕೇಳಿದರು. ಇರಲಿಲ್ಲ. ರಸೀದಿಯನ್ನು ಮಡಚಿ ಜೇಬಿಗಿಡುವ ಮೊದಲು ನಾನು ಓದಿರಲೇ ಇಲ್ಲ. ಟೆಂಪೊಕ್ಕೆ ಮತ್ತೆ 1,800 ರೂಪಾಯಿ ಹೋಯಿತು.

ರೈಲ್ವೆಯಲ್ಲಿ ನಾನು ಮಾಡಿಕೊಂಡ ತಪ್ಪು ಬೇರೆ. ಪಾರ್ಸೆಲನ್ನು 24ಕ್ಕೆ ಕಳುಹಿಸಿ, ನಾವಿಬ್ಬರು ಹೊರಟದ್ದು 27ಕ್ಕೆ. ಸಾಮಾನು ಬಂದಿಳಿದ ಮೇಲೆ ಕೆಲವು ಗಂಟೆಗಳು ಮಾತ್ರ ಉಚಿತ; ಅನಂತರ ತೂಕ ಮತ್ತು ಸಮಯದ ಲೆಕ್ಕದಲ್ಲಿ ವಾರ್ಫೇಜ್, ಅಂದರೆ ಬಿಡಿಸಿಕೊಳ್ಳದೆ ಬಿಟ್ಟ ಸಾಮಾನಿನ ಶುಲ್ಕ, ಏರುತ್ತದೆ, ಸ್ಕೂಟರಿಗೂ ಸೇರಿ. ಪ್ರಯಾಣದ ಟಿಕೆಟನ್ನು ಮಂಗಳೂರು ಸೆಂಟ್ರಲಿನಿಂದಲೇ ತೆಗೆದು, ಅದರ ಮೇಲೆ ಲಗೇಜಾಗಿ ಬುಕ್ ಮಾಡಿದ್ದರೆ, ದರ ಹೆಚ್ಚಾದರೂ, ಎಲ್ಲವೂ ನಮ್ಮ ರೈಲಿನಲ್ಲೇ ಬರುತ್ತಿತ್ತು. ತೃತೀಯ ದರ್ಜೆಯ ಎ.ಸಿ.ಯಲ್ಲಿ ತಲಾ 40 ಕಿಲೊ ಉಚಿತವಿರುವುದರಿಂದ ಕಂಪ್ಯೂಟರು, ದಾಖಲೆಪತ್ರ, ದೇವರ ಪಟ, ಉಪ್ಪಿನಕಾಯಿ ಭರಣಿಗಳನ್ನು ನಮ್ಮ ಜೊತೆಗೇ ಒಯ್ದೆವು. ಒಲೆ, ಕುಕ್ಕರು ಮತ್ತು ಹತ್ತು ಕಿಲೊ ಕುಚ್ಚಲಕ್ಕಿಯ ಪೆಟ್ಟಿಗೆಯೊಂದು ಮಾತ್ರ ಹಿಂದಿನ ರಾತ್ರಿಯ ಬಸ್ಸಿನ ಡಿಕ್ಕಿಯಲ್ಲಿ 700 ರೂಪಾಯಿಗೆ ಹೋಗಿ, ನಾವು ತಲುಪುವ ಹೊತ್ತಿಗೆ ಗೆಳೆಯರ ಮನೆಯಲ್ಲಿ ಕಾಯುತ್ತಿತ್ತು. ಬಸ್ಸಿನವರಲ್ಲಿ ರಸೀದಿಗಿಂತ ಚಾಲಕರ ಫೋನ್ ನಂಬರು ಮುಖ್ಯ.

ಸ್ಕೂಟರೂ ವಾರ್ಫೇಜೂ ಎಲ್ಲ ಸೇರಿ ನನಗೆ ಬಿದ್ದ ಖರ್ಚು 24,000ದ ಸುತ್ತಮುತ್ತ, ಜೊತೆಗೆ ಐದು ದಿನದ ರಜೆ. ರಜೆಗೆ ಸಂಬಳ ಕಡಿತವಾಗುವವರು ಈ ಲೆಕ್ಕವನ್ನು ಬೇರೆಯಾಗಿಯೇ ಮಾಡಬೇಕಾಗುತ್ತದೆ. ಪುಸ್ತಕದ ಕೊನೆಯ ಕಟ್ಟು ಜೂನ್ ಎರಡನೆಯ ವಾರದಲ್ಲಿ ಬಂತು. ಥಾಣೆಯ ಬಾಡಿಗೆ ಕರಾರು 11 ತಿಂಗಳದ್ದಾದ್ದರಿಂದ ಗೇರುಬೀಜದ ಪೆಟ್ಟಿಗೆಗಳನ್ನು ಮಡಚಿ ಮಂಚದಡಿಯಲ್ಲಿ ಇಟ್ಟಿದ್ದೇವೆ. ವಾಷಿಂಗ್ ಮೆಷಿನ್ನಿನ ನಾಲ್ಕು ಬೋಲ್ಟುಗಳು ದಬ್ಬಣದ ಜೊತೆ ಒಂದೇ ಡಬ್ಬಿಯಲ್ಲಿವೆ.